ಕ್ಸೆನಾನ್ ಎಂಆರ್‌ಐ: ಆರೋಗ್ಯವಂತರ ಶ್ವಾಸಕೋಶದಲ್ಲೂ ಎಡಿಸಿ ಡಬಲ್ ಬರುತ್ತಿದೆ, ಯಾಕೆ?

ತೊಗರಿ_ಕಣಜ (ಕಲಬುರಗಿ):
ನಮಸ್ಕಾರ ಎಲ್ಲರಿಗೂ. ಇಲ್ಲೇ ಕಲಬುರಗಿಯಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ, ಪ್ರಾಜೆಕ್ಟ್ ಎಂಫಿಸೀಮಾ (ಶ್ವಾಸಕೋಶದ ಗಾಳಿಗೂಡಿನ ಗೋಡೆ ಹಾಳಾಗುವ ರೋಗ) ಮೇಲೆ. ನಮ್ಮ ಕಾಲೇಜಲ್ಲಿ ಗ್ಯಾಸ್ ಸ್ಕ್ಯಾನ್ ಎಲ್ಲಿಂದ ಬರಬೇಕು, ಹೊರದೇಶದ ಲ್ಯಾಬ್ ಒಂದು ಕೊಟ್ಟ ಡೇಟಾ ಇಟ್ಟುಕೊಂಡು ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಹೈಪರ್‌ಪೋಲರೈಸ್ಡ್ ಕ್ಸೆನಾನ್-129 (ಸಿಗ್ನಲ್ ಮೊದಲೇ ಹೆಚ್ಚಿಸಿ ಉಸಿರಲ್ಲಿ ಕೊಡುವ ಗ್ಯಾಸ್), ಬಿ ಬೆಲೆ, ಅಂದರೆ ಡಿಫ್ಯೂಶನ್ (ಹರಡುವಿಕೆ) ಎಷ್ಟು ಎದ್ದು ಕಾಣಬೇಕು ಅನ್ನುವ ಸೆಟ್ಟಿಂಗ್, 0 ಮತ್ತು 12 (ಸೆಕೆಂಡ್/ಚ.ಸೆಂ.ಮೀ.), ಫ್ಲಿಪ್ ಆಂಗಲ್ (ಒಂದು ಪಲ್ಸ್ ಮ್ಯಾಗ್ನೆಟೈಸೇಶನ್ ಅನ್ನು ವಾಲಿಸುವ ಕೋನ) 7 ಡಿಗ್ರಿ, ಸ್ಲೈಸ್‌ಗೆ 64 ಲೈನ್, ಟಿಆರ್ (ಎರಡು ಪಲ್ಸ್ ನಡುವಿನ ಸಮಯ) 12 ಮಿಲಿಸೆಕೆಂಡ್. ಎರಡು ಚಿತ್ರಗಳ ಸಿಗ್ನಲ್ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು, 12ರಿಂದ ಭಾಗಿಸಿದರೆ ಎಡಿಸಿ, ಅಂದರೆ ಗ್ಯಾಸ್ ಎಷ್ಟು ಸಲೀಸಾಗಿ ಹರಡುತ್ತದೆ ಅನ್ನುವ ಅಳತೆ. ಇಷ್ಟೇ ಅಲ್ವಾ?

ಸಿಗರೇಟ್ ಸೇದದ ಆರೋಗ್ಯವಂತರಲ್ಲಿ 0.04 ಚ.ಸೆಂ.ಮೀ./ಸೆಕೆಂಡ್ ಹತ್ತಿರ ಬರಬೇಕು, ನನಗೆ 0.083 ಬರುತ್ತಿದೆ. ಅದು ಎಂಫಿಸೀಮಾ ಇರುವವರ ನಂಬರ್! ಇನ್ನೊಂದು ವಿಚಿತ್ರ, ನಿಜವಾದ ರೋಗಿಯ ಶ್ವಾಸಕೋಶದ ಮೇಲ್ಭಾಗದಲ್ಲಿ, ಸಿಟಿ ಸ್ಕ್ಯಾನ್‌ನಲ್ಲಿ ಹಾಳಾಗಿದ್ದು ಚೆನ್ನಾಗಿ ಕಾಣುವ ಜಾಗದಲ್ಲೇ, ಎಡಿಸಿ ಸೊನ್ನೆ ಹತ್ತಿರ. ಸುಳ್ಳು ಡೇಟಾ ಹಾಕಿ ಕೋಡ್ ಪರೀಕ್ಷೆ ಮಾಡಿದೆ, ಸರಿಯಾಗಿಯೇ ಇದೆ.

ಬಿದ್ರಿ_ಕಪ್ಪು (ಬೀದರ್):
ಕೋಡ್ ಬಿಡಿ. ಮೊದಲು ಇದು ಹೇಳಿ, ಚಿತ್ರ ತೆಗೆದ ಕ್ರಮ ಯಾವುದು? ಒಂದೊಂದು ಲೈನಿಗೆ 0 ಮತ್ತು 12 ಜೋಡಿಯಾಗಿ ತೆಗೆದರಾ, ಇಲ್ಲಾ ಬಿ 0ದ 64 ಲೈನ್ ಪೂರ್ತಿ ಮುಗಿಸಿ ಆಮೇಲೆ 12 ಶುರು ಮಾಡಿದರಾ?

ತೊಗರಿ_ಕಣಜ:
ಪೂರ್ತಿ ಮುಗಿಸಿ ಆಮೇಲೆ ಅಂತ ಫೈಲ್ ಹೆಡರ್‌ನಲ್ಲಿದೆ ಅಣ್ಣಾ.

ಬಿದ್ರಿ_ಕಪ್ಪು:
ಸಿಕ್ಕಿತು. ಮಾಮೂಲಿ ಎಂಆರ್‌ಐಯಲ್ಲಿ ಪ್ರೋಟಾನ್‌ನ ಮ್ಯಾಗ್ನೆಟೈಸೇಶನ್ (ಸಿಗ್ನಲ್ ಕೊಡುವ ಕಾಂತತೆ) ತಾನೇ ವಾಪಸ್ ತುಂಬಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಲೇಸರ್ ಮತ್ತು ರುಬಿಡಿಯಮ್ ಆವಿ ಬಳಸಿ ಹೊರಗೇ ತುಂಬಿ ತಂದಿದ್ದು, ಬೇಸಿಗೆಯ ಟ್ಯಾಂಕರ್ ನೀರಿದ್ದ ಹಾಗೆ, ತೆಗೆದಷ್ಟೂ ಖಾಲಿ. ಪ್ರತಿ ಪಲ್ಸಿಗೂ ಕಾಸ್ 7 ಡಿಗ್ರಿ, ಅಂದರೆ 0.9925 ಪಾಲು ಉಳಿಯುತ್ತದೆ. 64 ಸಲ ಗುಣಿಸಿ ನೋಡಿ, ಸುಮಾರು 0.62. ನಿಮ್ಮ ಸೂತ್ರ ಈ ನಷ್ಟವನ್ನೂ ಡಿಫ್ಯೂಶನ್ ಲೆಕ್ಕಕ್ಕೆ ಹಾಕಿಬಿಡುತ್ತದೆ. ಲಾಗ್ ತೆಗೆದು 12ರಿಂದ ಭಾಗಿಸಿದರೆ 0.04, ಅದೇ ನಿಮ್ಮ ಜಾಸ್ತಿ ನಂಬರ್! ಶ್ವಾಸಕೋಶದ ಆಕ್ಸಿಜನ್‌ನಿಂದ ಟಿ1 (ತುಂಬಿದ ಮ್ಯಾಗ್ನೆಟೈಸೇಶನ್ ತಾನಾಗಿ ಕರಗುವ ಕಾಲ) ಸುಮಾರು 20 ಸೆಕೆಂಡಿಗೆ ಇಳಿಯುತ್ತದೆ, ಅದರಿಂದ ಇನ್ನೊಂದು 0.003.

ಭೀಮಾ_ದಂಡೆ (ಯಾದಗಿರಿ):
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ರೇಡಿಯಾಲಜಿ ಟೆಕ್ನಿಷಿಯನ್. ಸಿಟಿಯಲ್ಲೇ ಎಂಫಿಸೀಮಾ ಕಾಣುತ್ತದಲ್ಲ, ಇಷ್ಟೆಲ್ಲ ಗೋಳು ಯಾಕೆ ಸರ್?

ಬಿದ್ರಿ_ಕಪ್ಪು:
ಒಳ್ಳೆಯ ಪ್ರಶ್ನೆ ರೀ. ಗಾಳಿಗೂಡಿನ ಅಗಲ ಸುಮಾರು 0.2 ಮಿ.ಮೀ., ರೋಗಿಯ ಸಿಟಿಯಲ್ಲಿ ಒಂದೊಂದು ಗೂಡು ಬಿಡಿಯಾಗಿ ಕಾಣುವುದಿಲ್ಲ. ಕ್ಸೆನಾನ್ ಪರಮಾಣು ಗಾಳಿಯಲ್ಲಿ ತಡೆಯಿಲ್ಲದೆ ಓಡಾಡಿದರೆ 5 ಮಿಲಿಸೆಕೆಂಡಿನಲ್ಲಿ 0.37 ಮಿ.ಮೀ.ನಷ್ಟು ಹೋಗುತ್ತದೆ. ಅಷ್ಟರಲ್ಲಿ ಗೋಡೆಗೆ ಬಡಿಯಿತೋ ಇಲ್ಲವೋ ಅನ್ನುವುದೇ ಎಡಿಸಿ. ಗೋಡೆ ಕರಗಿದ ಕಡೆ ಎಡಿಸಿ ಏರುತ್ತದೆ. ಚಿತ್ರದ ಪಿಕ್ಸೆಲ್ ಕೆಲವು ಮಿ.ಮೀ. ಇದ್ದರೂ ಅಳತೆ ಮಾತ್ರ ಗೂಡಿನ ಮಟ್ಟದ್ದು. ಇದೇ ಇದರ ಮಜಾ. ಮೊದಲು ಈ ಕೆಲಸ ಹೀಲಿಯಮ್-3ರಲ್ಲಿ ಜಾಸ್ತಿ ನಡೆಯುತ್ತಿತ್ತು, ಅದು ಸಿಗುವುದೇ ಕಷ್ಟವಾಗಿ ಎಲ್ಲರೂ ಕ್ಸೆನಾನ್‌ಗೆ ಬಂದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರಿನಲ್ಲಿ ಕ್ಸೆನಾನ್‌ಗೆ ಒಪ್ಪಿಗೆ ಕೊಟ್ಟಿದ್ದು ಗಾಳಿ ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡುವುದಕ್ಕೆ, ಈ ಎಡಿಸಿ ಅಳತೆಗಲ್ಲ.

ತೊಗರಿ_ಕಣಜ:
ಹಾಗಾದರೆ 0.62ರಿಂದ ತಿದ್ದಿದರೆ ಸಾಕಾ?

ಬಿದ್ರಿ_ಕಪ್ಪು:
ಬೇಡ. 7 ಡಿಗ್ರಿ ಅನ್ನುವುದು ಕಾಗದದ ಮೇಲೆ. ಪಲ್ಸ್ ಕಳಿಸುವ ಕಾಯಿಲ್ ಹತ್ತಿರ ಒಂದು, ದೂರ ಒಂದು ಇರುತ್ತದೆ. ಕೊನೆಯಲ್ಲಿ ಇನ್ನೊಂದು ಬಿ 0 ಚಿತ್ರ ತೆಗೆದಿದ್ದಾರಾ ನೋಡಿ.

ತೊಗರಿ_ಕಣಜ:
ಮೂರನೇ ಫೋಲ್ಡರ್ ಒಂದಿದೆ, ವಿವರ ಏನೂ ಬರೆದಿಲ್ಲ. ಹೆಡರ್ ತೆಗೆದರೆ ಬಿ 0!

ಬಿದ್ರಿ_ಕಪ್ಪು:
ಹಬ್ಬ ಮಾಡಿ. ಮೊದಲ ಮತ್ತು ಕೊನೆಯ ಬಿ 0 ಗುಣಿಸಿ, ಪ್ರತಿ ಪಿಕ್ಸೆಲ್‌ಗೂ ವರ್ಗಮೂಲ ತೆಗೆಯಿರಿ. ನಡುವಿನ ಚಿತ್ರಕ್ಕೆ ಸರಿಹೊಂದುವ ಬಿ 0 ಅದೇ. ಫ್ಲಿಪ್ ನಷ್ಟ, ಟಿ1 ನಷ್ಟ ಎರಡೂ ಒಟ್ಟಿಗೆ ಹೋಗುತ್ತವೆ.

ರೋಗಿಯ ಸೊನ್ನೆ ಬೇರೆ ಕಥೆ. ಹಾಳಾದ ಜಾಗಕ್ಕೆ ಗ್ಯಾಸ್ ಸರಿಯಾಗಿ ಹೋಗುವುದೇ ಇಲ್ಲ. ಅಲ್ಲಿ ಎರಡೂ ಚಿತ್ರದಲ್ಲಿ ಬರೀ ನಾಯ್ಸ್, ನಾಯ್ಸನ್ನು ನಾಯ್ಸಿನಿಂದ ಭಾಗಿಸಿದರೆ ಒಂದು, ಒಂದರ ಲಾಗ್ ಸೊನ್ನೆ. ಸ್ವಲ್ಪ ಗ್ಯಾಸ್ ಹೋದ ಕಡೆ ಇನ್ನೂ ಮೋಸ. ಮೊದಲ ಚಿತ್ರದಲ್ಲಿ ಸಿಗ್ನಲ್ ನಾಯ್ಸಿನ 6 ಪಟ್ಟು, ನಿಜವಾದ ಎಡಿಸಿ 0.08 ಅಂತಿಟ್ಟುಕೊಳ್ಳಿ. ಬಿ 12ರಲ್ಲಿ, ಮೇಲೆ ಹೇಳಿದ ನಷ್ಟವೂ ಸೇರಿ, ಅದು ಸುಮಾರು 1.4 ಪಟ್ಟಿಗೆ ಇಳಿಯುತ್ತದೆ. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ (ಋಣ ಬೆಲೆ ಇಲ್ಲದ ಚಿತ್ರ) ಬರೀ ನಾಯ್ಸೇ 1.25 ಇರುತ್ತದೆ, ಹಾಗಾಗಿ ಸಿಗ್ನಲ್ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ, ಎಡಿಸಿ ಕಡಿಮೆ ಬರುತ್ತದೆ. ಸಿಗ್ನಲ್ ಕಡಿಮೆ ಇರುವ ಪಿಕ್ಸೆಲ್ ಮಾಸ್ಕ್ ಮಾಡಿ (ಲೆಕ್ಕದಿಂದ ಹೊರಗಿಡಿ), ಉಳಿದದ್ದಕ್ಕೆ ರೈಸಿಯನ್ ತಿದ್ದುಪಡಿ (ನಾಯ್ಸಿನಿಂದ ಏರಿದ ಸಿಗ್ನಲ್ ಇಳಿಸುವ ಲೆಕ್ಕ) ಹಾಕಿ. ಮಾಸ್ಕ್ ಆದ ಜಾಗ ಎಷ್ಟು ಅಂತ ವರದಿಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಅತಿ ಹಾಳಾದ ಭಾಗವೇ ಸರಾಸರಿಯಿಂದ ಮಾಯವಾಗಿರುತ್ತದೆ.

ತೊಗರಿ_ಕಣಜ:
ಆರೋಗ್ಯವಂತರದು 0.041ಕ್ಕೆ ಬಂತು! ರೋಗಿಯದು ಮಾಸ್ಕ್ ಆದ ಮೇಲೆ 0.07, ಆದರೆ ಅಂಚಿನಲ್ಲಿ ಕೆಲವು ಪಿಕ್ಸೆಲ್ 0.2 ತೋರಿಸುತ್ತಿವೆ.

ಬಿದ್ರಿ_ಕಪ್ಪು:
ಗೋಡೆಯೇ ಇಲ್ಲದ ಗಾಳಿಯಲ್ಲೂ ಕ್ಸೆನಾನ್ 0.14 ದಾಟುವುದಿಲ್ಲ. 0.2 ಅಂದರೆ ಅದು ಶ್ವಾಸಕೋಶವಲ್ಲ, ಕಸ. ಉಳಿಸಿಕೊಂಡ ಜಾಗದ ಅಂಚನ್ನು ಒಂದು ಪಿಕ್ಸೆಲ್ ಒಳಗೆ ಎಳೆದು ಮತ್ತೆ ಓಡಿಸಿ, ಮ್ಯಾಪ್ ಇಲ್ಲೇ ಹಾಕಿ.