ಸಹಾಯ ಬೇಕು: 8 ವರ್ಷದ ಲ್ಯಾಬ್ರಡಾರ್‌ಗೆ ಕೀಲು ನೋವು, ಏಳಲು ಕಷ್ಟ

ಎಲ್ಲರಿಗೂ ನಮಸ್ಕಾರ. ನಾವಿರುವುದು ತೀರ್ಥಹಳ್ಳಿ ಹತ್ತಿರ. ಮಳೆಗಾಲ ಶುರುವಾದಾಗಿನಿಂದ ನಮ್ಮ ರಾಜ ಬೆಳಗ್ಗೆ ಏಳಲು ತುಂಬಾ ಕಷ್ಟಪಡುತ್ತಿದ್ದಾನೆ. ಮುಂಗಾಲು ಊರುತ್ತಾನೆ, ಸೊಂಟ ಮೇಲೆ ಬರುವುದಿಲ್ಲ. ಹತ್ತು ನಿಮಿಷ ಓಡಾಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಮೊದಲು ಗೇಟಿನ ಸದ್ದಾದರೆ ಸಾಕು, ಜಗಲಿಯಿಂದ ಹಾರಿ ಬರುತ್ತಿದ್ದ. ಈಗ ಮೆಟ್ಟಿಲ ಹತ್ತಿರ ನಿಂತು ನನ್ನ ಮುಖ ನೋಡುತ್ತಾನೆ. ಕರುಳು ಚುರುಕ್ ಅನ್ನುತ್ತದೆ.

ಎಕ್ಸ್‌ರೇ ತೆಗೆಸಿದೆವು. ಸೊಂಟದ ಕೀಲು ಸವೆದಿದೆ, ಸಂಧಿವಾತ ಅಂದರು ಡಾಕ್ಟರ್. ರಕ್ತ ಪರೀಕ್ಷೆ ಮಾಡಿ, ಕಿಡ್ನಿ, ಲಿವರ್ ಸರಿ ಇದೆ ಅಂತ ನೋಡಿಕೊಂಡು ಮೆಲಾಕ್ಸಿಕಾಮ್ (ನೋವು, ಊತ ಇಳಿಸುವ ಔಷಧಿ) ಕೊಟ್ಟಿದ್ದಾರೆ. ಊಟದ ಜೊತೆಗೇ ಹಾಕುತ್ತಿದ್ದೇವೆ. ತೂಕ 39 ಕೆಜಿ, ಕನಿಷ್ಠ 6 ಕೆಜಿ ಇಳಿಯಬೇಕಂತೆ. ನಾವು ಸೋಲುತ್ತಿರುವುದು ಇಲ್ಲೇ. ಅನ್ನ ಕಡಿಮೆ ಮಾಡಿದರೆ ತಟ್ಟೆ ಮುಂದೆಯೇ ಕೂರುತ್ತಾನೆ, ಅಮ್ಮನಿಗೆ ತಡೆಯುವುದಿಲ್ಲ, ಒಂದು ದೋಸೆ ಹಾಕಿಬಿಡುತ್ತಾರೆ. ಬೇಯಿಸಿದ ಬೀನ್ಸ್, ಸಿಹಿಗುಂಬಳ ಸೇರಿಸುತ್ತಿದ್ದೇನೆ. ನೀವು ಹೊಟ್ಟೆ ತುಂಬಲು ಏನು ಕೊಡುತ್ತೀರಿ?

ಇನ್ನೊಂದು, ನಮ್ಮದು ರೆಡ್ ಆಕ್ಸೈಡ್ ನೆಲ, ಕಾಲು ಜಾರುತ್ತದೆ. ಗೋಣಿಚೀಲ ಹಾಸಿದರೆ ಅದೂ ಜೊತೆಗೇ ಜಾರುತ್ತದೆ. ರಬ್ಬರ್ ಮ್ಯಾಟ್ ಹಾಕಿದವರು ಇದ್ದೀರಾ? ಕೀಲಿಗೆಂದು ಕೊಡುವ ಮೀನೆಣ್ಣೆ, ಗ್ಲುಕೋಸಮೈನ್‌ ಪೂರಕಗಳಿಂದ ನಿಮ್ಮ ನಾಯಿಗೆ ನಿಜಕ್ಕೂ ವ್ಯತ್ಯಾಸ ಕಂಡಿತಾ? ಎಷ್ಟು ವಾರಕ್ಕೆ? ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಿದವರಿದ್ದರೆ, ಅಲ್ಲಿ ಫಿಸಿಯೋಥೆರಪಿ ಸಿಗುತ್ತದಾ ತಿಳಿಸಿ.

ದಯವಿಟ್ಟು ಮನುಷ್ಯರ ನೋವಿನ ಮಾತ್ರೆ ಮಾತ್ರ ಹೇಳಬೇಡಿ. ಈಗಾಗಲೇ ಇಬ್ಬರು ಹೇಳಿದ್ದಾರೆ. ಐಬುಪ್ರೊಫೆನ್ ನಾಯಿಗೆ ವಿಷ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹಾಳಾಗುತ್ತದೆ.