ಬಿಸಿಲಿದ್ದರೂ ಮಗಳು "ಇವತ್ತು ಹಾರಲ್ಲ ಅಪ್ಪ" ಎನ್ನುತ್ತಾಳೆ. ಇದು ಭಯವಾ?

ಚಿಂತಾಮಣಿ ಟೊಮೆಟೊ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಹತ್ತಿರ ಒಂದು ಹಳ್ಳಿ. ಟೊಮೆಟೊ ಬೆಳೆದು ಕೋಲಾರದ ಎಪಿಎಂಸಿಗೆ ಹಾಕುತ್ತೇವೆ. ಸ್ವಂತದ್ದೊಂದು ಕ್ಯಾಂಟರ್ ಇದೆ. ದೊಡ್ಡ ಮಗಳು ಹೊರ ರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕಲಿಯುತ್ತಿದ್ದಾಳೆ. ಬ್ಯಾಂಕ್ ಸಾಲ ಇದೆ, ಅದರ ಮೇಲೆ ಬೋರ್‌ವೆಲ್ ಪಕ್ಕದ ಜಮೀನನ್ನೂ ಅಡ ಇಟ್ಟಿದ್ದೇವೆ. ಒಟ್ಟು 200 ಗಂಟೆ ಹಾರಬೇಕಂತೆ. ಅದರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ.

ಈಗ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರು ಬೇಡ ಅಂದರೆ ಒಪ್ಪೋಣ. ಆದರೆ ಸೋಲೋ, ಅಂದರೆ ಒಬ್ಬಳೇ ಹಾರುವುದು, ಶುರುವಾದ ಮೇಲೆ ಇವಳೇ ಬೇಡ ಎನ್ನುವುದು ಜಾಸ್ತಿ ಆಗಿದೆ. ವಿಡಿಯೋ ಕಾಲಿನಲ್ಲಿ ನೋಡಿದರೆ ಹಿಂದೆ ಚೆನ್ನಾಗಿ ಬಿಸಿಲು ಹೊಡೆಯುತ್ತಿರುತ್ತದೆ, ಒಂದು ಮೋಡ ಇಲ್ಲ. ಕೇಳಿದರೆ "ಅಡ್ಡಗಾಳಿ ಜಾಸ್ತಿ ಅಪ್ಪ". ಇನ್ನೊಂದು ದಿನ "ಮಬ್ಬು, ದೂರ ಕಾಣಲ್ಲ". ಮೊನ್ನೆ ರನ್‌ವೇ ತನಕ ಹೋಗಿ ವಾಪಸ್ ಬಂದಳಂತೆ, ಎಂಜಿನ್ ಸರಿ ಇಲ್ಲ ಅಂತ. ಅದೇ ವಿಮಾನವನ್ನು ಸಂಜೆ ಇನ್ನೊಬ್ಬ ಹುಡುಗ ಹಾರಿಸಿದ!

ದಿನಾ ಸಂಜೆ ಫೋನ್ ಮಾಡಿದಾಗ ನಾನು ಮೊದಲು ಕೇಳುವುದೇ "ಇವತ್ತು ಎಷ್ಟು ಗಂಟೆ ಆಯಿತಮ್ಮ" ಅಂತ. ಇತ್ತೀಚೆಗೆ ಅವಳು ಫೋನನ್ನು ಅವರಮ್ಮನಿಗೆ ಕೊಡು ಎನ್ನುತ್ತಾಳೆ. ನಮ್ಮ ಕ್ಯಾಂಟರ್ ಡ್ರೈವರ್ ಮಳೆಗೂ ನಿಲ್ಲಿಸಲ್ಲ, ಮಂಜಿಗೂ ನಿಲ್ಲಿಸಲ್ಲ. ಬೆಳಗಿನ ಹರಾಜಿಗೆ ಬಾಕ್ಸ್ ಮುಟ್ಟಲೇಬೇಕು. ಇವಳಿಗೆ ಒಳಗೊಳಗೇ ಭಯ ಹಿಡಿದಿದೆಯಾ? ಸ್ಕೂಲಿನವರ ಹತ್ತಿರ ನಾನು ಮಾತಾಡಬೇಕಾ? ತಿಳಿದವರು ಹೇಳಿ.

ತುಮಕೂರು ಹಳೇ ಮೇಷ್ಟ್ರು:

ನಮಸ್ಕಾರ ಸ್ವಾಮಿ. ನಾನು ಹಾರಾಟ ಕಲಿಸುತ್ತಿದ್ದವನು, ಈಗ ತುಮಕೂರಿನಲ್ಲಿ ಮನೆಯಲ್ಲೇ ಇದ್ದೇನೆ. ನೀವು ಬರೆದ ಮೂರು ಕಾರಣಗಳಲ್ಲಿ ಒಂದೂ ನೆಪದ ಹಾಗೆ ನನಗೆ ಕಾಣಲಿಲ್ಲ.

ಮೊದಲು ಅಡ್ಡಗಾಳಿ. ಅದು ಮೋಡ ನೋಡಿ ಬರುವುದಿಲ್ಲ. ರನ್‌ವೇ ಒಂದೇ ದಿಕ್ಕಿಗೆ ಇರುತ್ತದೆ, ಗಾಳಿ ತನಗೆ ಬೇಕಾದ ಕಡೆಯಿಂದ ಬೀಸುತ್ತದೆ. ಸೆಸ್ನಾ 172 ವಿಮಾನದ ಪುಸ್ತಕದಲ್ಲಿ 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ ಎಂದಿದೆ, ಅದಕ್ಕಿಂತ ಚಿಕ್ಕ ಸೆಸ್ನಾ 152ಕ್ಕೆ 12 ನಾಟ್. ಹಾಗೆ ಇಳಿಸಿದವರು ಪಳಗಿದ ಪೈಲಟ್‌ಗಳು. ಸೋಲೋ ಮಾಡುವ ವಿದ್ಯಾರ್ಥಿಗೆ ಅದಕ್ಕಿಂತ ಕಡಿಮೆ ಮಿತಿ ಇಡುವುದು ವಾಡಿಕೆ. ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅದರ ಅರ್ಧದಷ್ಟು ಅಡ್ಡಗಾಳಿ ಎಂದು ಲೆಕ್ಕ. ಪೂರ್ತಿ ಅಡ್ಡಕ್ಕೆ ಬೀಸಿದರೆ ಇಡೀ ಗಾಳಿಯೇ ಅಡ್ಡಗಾಳಿ. ಜೊತೆಗೆ ಬಿಟ್ಟು ಬಿಟ್ಟು ಬೀಸಿದರೆ ಇಳಿಯುವ ಕೊನೆಯ ಕ್ಷಣದಲ್ಲಿ ಕೈ ಸಾಲದು.

ಮಬ್ಬು ಇನ್ನೂ ಮೋಸದ್ದು. ನೆಲದಲ್ಲಿ ನಿಂತವರಿಗೆ ತಲೆ ಮೇಲೆ ನೀಲಿ ಆಕಾಶ ಕಾಣುತ್ತದೆ. ಮೇಲೆ ಹೋಗಿ ಓರೆಯಾಗಿ ನೋಡಿದರೆ ಊರೇ ಕಾಣುವುದಿಲ್ಲ. ಕಣ್ಣಿನಿಂದ ನೋಡಿ ಹಾರುವವರಿಗೆ ಕನಿಷ್ಠ 5 ಕಿಲೋಮೀಟರ್ ಕಾಣಬೇಕು ಎಂಬುದು ನಿಯಮ. ನಮ್ಮ ಕಡೆಯದೇ ನೋಡಿ. ನಂದಿ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್. ಅಂದರೆ 4,800 ಅಡಿ ಮೇಲೆ. ಚಳಿಗಾಲದ ಬೆಳಿಗ್ಗೆ ಜನ ಬೈಕಿನಲ್ಲಿ ಹೋಗಿ, ಕಾಲ ಕೆಳಗೆ ಮೋಡ ಹರಡಿರುವುದನ್ನು ಫೋಟೋ ಹೊಡೆದುಕೊಂಡು ಬರುತ್ತಾರೆ. ಅದೇ ಮೋಡದ ಒಳಗೆ ಸಣ್ಣ ವಿಮಾನದಲ್ಲಿ ಸಿಕ್ಕಿಕೊಂಡವರಿಗೆ ಬೆಟ್ಟ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ಬೆಟ್ಟ ಇಲ್ಲದಿದ್ದರೂ ಅಪಾಯವೇ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿ, ಪಕ್ಕದಲ್ಲಿ ಮೇಷ್ಟ್ರನ್ನು ಕೂರಿಸಿ ಹಾರಿಸಲು ಹೇಳಿದರು. 20 ಜನರೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ. ಒಳಕಿವಿ "ನೇರ ಇದ್ದೀಯ" ಎಂದು ಹೇಳುತ್ತಿರುತ್ತದೆ, ವಿಮಾನ ಸುತ್ತುತ್ತಾ ಕೆಳಗೆ ಹೋಗುತ್ತಿರುತ್ತದೆ. ನಿಮ್ಮ ಡ್ರೈವರಿಗೆ ಮಂಜು ದಟ್ಟ ಆದರೆ ದಾರಿಯಲ್ಲೇ ಗಾಡಿ ಪಕ್ಕಕ್ಕೆ ಹಾಕಬಹುದು. ಇವಳಿಗೆ ಪಕ್ಕ ಎಂಬುದೇ ಇಲ್ಲ.

ಇನ್ನು ಎಂಜಿನ್. ಈ ವಿಮಾನಗಳಲ್ಲಿ ಕಿಡಿ ಕೊಡಲು ಎರಡು ಮ್ಯಾಗ್ನೆಟೊ ಇರುತ್ತವೆ. ಹಾರುವ ಮುಂಚೆ ಎಂಜಿನ್ನನ್ನು ಒಂದು ವೇಗಕ್ಕೆ ಏರಿಸಿ ಒಂದೊಂದನ್ನೇ ನಿಲ್ಲಿಸಿ ನೋಡುತ್ತಾರೆ. ಸೆಸ್ನಾ 172ರ ಹೊಸ ಮಾದರಿಯಲ್ಲಿ ನಿಮಿಷಕ್ಕೆ 1,800 ಸುತ್ತಿನಲ್ಲಿ ನೋಡಿದಾಗ 150ಕ್ಕಿಂತ ಜಾಸ್ತಿ ಇಳಿಯಬಾರದು. ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ದಾಟಿದರೆ ವಾಪಸ್, ಅಷ್ಟೇ. ಬಹಳ ಸಲ ಪ್ಲಗ್ಗಿನಲ್ಲಿ ಕರಿ ಕೂತಿರುತ್ತದೆ, ಮೆಕ್ಯಾನಿಕ್ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. ಸಂಜೆ ಆ ಹುಡುಗ ಹಾರಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ. ಇವಳು ವಾಪಸ್ ತಂದಿದ್ದರಿಂದಲೇ ಅದನ್ನು ಯಾರೋ ಬಿಚ್ಚಿ ನೋಡಿರಬಹುದು, ಅಲ್ವಾ?

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹಾರುವ ಮುಂಚೆ ನಾಲ್ಕು ವಿಷಯ ನೋಡಿ ಎಂದು ನಾವು ಕಲಿಸುತ್ತೇವೆ. ನಾನು ಹೇಗಿದ್ದೇನೆ, ವಿಮಾನ ಹೇಗಿದೆ, ಹವೆ ಮತ್ತು ಜಾಗ ಹೇಗಿದೆ, ಹೊರಗಿನ ಒತ್ತಡ ಏನಿದೆ. ಸಂಜೆಯ ನಿಮ್ಮ ಮೊದಲ ಪ್ರಶ್ನೆ ಆ ನಾಲ್ಕನೆಯದರಲ್ಲಿ ಬರುತ್ತದೆ. ಅವಳು ರನ್‌ವೇ ಬದಿಯಲ್ಲಿ ಕೂತು ಗಾಳಿಯ ಲೆಕ್ಕ ಹಾಕುವಾಗ ಅಪ್ಪನ ಸಾಲದ ಲೆಕ್ಕವೂ ಸೇರಿದರೆ ಉತ್ತರ ತಪ್ಪುತ್ತದೆ.

ಗೌರಿಬಿದನೂರು ಹುಡುಗನ ಅಪ್ಪ:

ಮೇಷ್ಟ್ರು ಹೇಳಿದ್ದು ಸರಿ. ಆದರೆ ಎಲ್ಲದಕ್ಕೂ ಗಾಳಿಯೇ ಕಾರಣ ಎಂದುಕೊಳ್ಳಬೇಡಿ. ನನ್ನ ಮಗ ಕಲಿತ ಕಡೆ ವಿಮಾನ ಸರ್ವಿಸಿಗೆ ಹೋದಾಗ, ಇನ್‌ಸ್ಟ್ರಕ್ಟರ್ ಇಲ್ಲದಾಗ, ಎಲ್ಲಾ "ಹವೆ ಸರಿ ಇಲ್ಲ" ಎಂದು ಬರೆಯುತ್ತಿದ್ದರು. ಸುಮ್ನೆ ಮಗಳ ಹತ್ತಿರ ಒಂದು ನೋಟ್‌ಬುಕ್ ಇಡಿಸಿ. ಸಾರ್ಟಿ (ಒಂದು ಸಲದ ಹಾರಾಟ) ಯಾವತ್ತು ರದ್ದಾಯಿತು, ಯಾರು ಬೇಡ ಎಂದರು, ಯಾಕೆ. ಅವಳೇ ಬಿಟ್ಟಿದ್ದು ಬೇರೆ, ಸ್ಕೂಲು ಕೊಡದೆ ಇದ್ದಿದ್ದು ಬೇರೆ. ಎರಡನೆಯದಕ್ಕೆ ನೀವು ಧಾರಾಳವಾಗಿ ಹೋಗಿ ಕೇಳಬಹುದು. ಮೊದಲನೆಯದಕ್ಕೆ ಬಾಯಿ ಹಾಕಬೇಡಿ. "ನಮ್ಮ ಹುಡುಗಿಯನ್ನು ಸ್ವಲ್ಪ ಹಾರಿಸಿ ಸಾರ್" ಎಂದು ಅಪ್ಪನೇ ಫೋನ್ ಮಾಡಿದರೆ ಅವಳು ಅಲ್ಲಿ ತಲೆ ಎತ್ತುವುದು ಹೇಗೆ?

ಕೋಲಾರದ ಸ್ಟೂಡೆಂಟ್ ಪೈಲಟ್:

ಅಂಕಲ್, ನಾನೂ ಕಲಿಯುತ್ತಿದ್ದೇನೆ, ಬೇರೆ ಸ್ಕೂಲು. ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಯಾರಿಗೆ ಎಷ್ಟು ಗಂಟೆ ಆಯಿತು ಎಂದು ದಿನಾ ಹಾಕುತ್ತಾರೆ. ಅದನ್ನು ಮ್ಯೂಟ್ ಮಾಡಿದ್ದೇನೆ. ಬೇರೆಯವರು ಹಾರುತ್ತಿರುವಾಗ ನಾವು ಕೀ ವಾಪಸ್ ಕೊಟ್ಟು ಬರುವುದಿದೆಯಲ್ಲ, ಅದು ಮೊದಲ ಸೋಲೋಗಿಂತ ಕಷ್ಟ. ಹೆದರಿದವರು ಅಷ್ಟು ಜನರ ಎದುರು ನಡೆದು ಬರುವ ಬದಲು ಕಣ್ಣು ಮುಚ್ಚಿ ಹಾರಿಬಿಡುತ್ತಾರೆ.

ನಾನು ಮಾಡುವುದು ಇಷ್ಟು. ಮೆಟಾರ್ ಅಂತ ಏರ್‌ಪೋರ್ಟಿನ ಹವಾ ವರದಿ ಬರುತ್ತದೆ. ಹಿಂದಿನ ರಾತ್ರಿಯೇ ನೋಡಲು ಶುರು ಮಾಡುತ್ತೇನೆ. ಉಷ್ಣಾಂಶ 18, ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗಲು ಶುರುವಾಗುವ ಉಷ್ಣಾಂಶ) 17 ಎಂದಿದ್ದು ಗಾಳಿಯೂ ಇಲ್ಲದಿದ್ದರೆ ಬೆಳಿಗ್ಗೆ ಮಂಜು ಬರುವ ಹಾಗೇ ಲೆಕ್ಕ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಸ್ಲಾಟ್ ಸಿಕ್ಕರೆ ಎರಡು ಸಲ ಯೋಚಿಸುತ್ತೇನೆ. ನಮ್ಮ ಕಡೆ ಆ ಹೊತ್ತಿಗೆ ಹೇಗೆ ದಿಢೀರ್ ಅಂತ ಗುಡುಗು, ಆಲಿಕಲ್ಲು ಬರುತ್ತದೆ ಎಂದು ನಿಮಗೇ ಗೊತ್ತು, ಟೊಮೆಟೊ ಬೆಳೆಯುವವರು. ಬಿಸಿಲೂ ಕಷ್ಟವೇ. ಬೆಂಗಳೂರು, ಕೋಲಾರದ ಎತ್ತರ ಸುಮಾರು 3,000 ಅಡಿ. ಇಲ್ಲಿ 35 ಡಿಗ್ರಿ ಇದ್ದರೆ ವಿಮಾನಕ್ಕೆ 6,000 ಅಡಿ ಎತ್ತರದ ತೆಳು ಗಾಳಿಯಲ್ಲಿ ಹಾರಿದ ಹಾಗೆ. ಜಾಸ್ತಿ ದೂರ ಓಡಬೇಕು, ನಿಧಾನ ಏರುತ್ತದೆ.

ನನ್ನ ಮಿತಿಗಳನ್ನು ಕಾರ್ಡಿನಲ್ಲಿ ಬರೆದು ಇನ್‌ಸ್ಟ್ರಕ್ಟರ್ ಹತ್ತಿರ ಸಹಿ ಹಾಕಿಸಿದ್ದೇನೆ. ಅವರ ಜೊತೆ ಅಡ್ಡಗಾಳಿಯಲ್ಲಿ ಸರ್ಕ್ಯೂಟ್ (ಏರಿ, ಒಂದು ಸುತ್ತು ಹಾಕಿ, ಅಲ್ಲೇ ಇಳಿಯುವುದು) ಮಾಡಿ ಪಳಗಿದ ಮೇಲೆ ಅಂಕಿ ಏರಿಸುತ್ತೇವೆ. ಅಕ್ಕನಿಗೂ ಹೇಳಿ. ಅಡ್ಡಗಾಳಿ ದಿನ ಸೋಲೋ ಬಿಟ್ಟರೆ "ನೀವು ಜೊತೆಗೆ ಬನ್ನಿ" ಎಂದು ಕೇಳಬಹುದು. ದಿನವೂ ಹಾಳಾಗಲ್ಲ, ಕೈಯೂ ಪಳಗುತ್ತದೆ.

ಚಿಂತಾಮಣಿ ಟೊಮೆಟೊ:

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಗ್ನೆಟೊ ವಿಷಯ ನಮ್ಮ ಡ್ರೈವರಿಗೂ ಓದಿ ಹೇಳಿದೆ, ಅವನಿಗೆ ತಕ್ಷಣ ಅರ್ಥವಾಯಿತು. ನೋಟ್‌ಬುಕ್ ಮತ್ತು "ಜೊತೆಗೆ ಬನ್ನಿ" ಎರಡನ್ನೂ ಮಗಳಿಗೆ ಹೇಳುತ್ತೇನೆ. ಆದರೂ ಒಂದು ಹೇಳುತ್ತೇನೆ ಮೇಷ್ಟ್ರೇ, ಬ್ಯಾಂಕಿನ ಕಂತು ಗಾಳಿ ನೋಡಿಕೊಂಡು ಬರಲ್ಲ. ಗಂಟೆ ಕೇಳದೆ ಇರುವುದು ಕಷ್ಟ.

ಇನ್ನೊಂದು ಸಣ್ಣ ಪ್ರಶ್ನೆ. ಈಗ ಅವಳಿಗೆ ನೆಗಡಿ. ಅವರಮ್ಮ ಇಲ್ಲಿಂದ ಮಾತ್ರೆ ಕೊರಿಯರ್ ಮಾಡಿದ್ದಾಳೆ. ಮಾತ್ರೆ ನುಂಗಿ ಹಾರಬಹುದಾ?

ತುಮಕೂರು ಹಳೇ ಮೇಷ್ಟ್ರು:

ಬೇಡ. ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಮೂಗು ಕಟ್ಟಿದ್ದರೆ ಇಳಿಯುವಾಗ ಒಳಗೆ ಬರುವುದಿಲ್ಲ. ನೋವು ಹೇಗಿರುತ್ತದೆ ಎಂದರೆ ರೇಡಿಯೋದಲ್ಲಿ ಹೇಳಿದ್ದು ತಲೆಗೆ ಹತ್ತಲ್ಲ. ಕಿವಿ ತಮಟೆ ಹರಿಯುವುದೂ ಉಂಟು. ನೆಗಡಿ ಮಾತ್ರೆಗಳಲ್ಲಿ ಎಷ್ಟೋ ನಿದ್ದೆ ತರಿಸುತ್ತವೆ. ಕೆಲವಕ್ಕೆ ಮಂಪರು ಮಾರನೇ ದಿನವೂ ಇರುತ್ತದೆ, ನಮಗೆ ಗೊತ್ತೇ ಆಗಲ್ಲ. ಮಾತ್ರೆಯ ಹೆಸರನ್ನು ಪೈಲಟ್‌ಗಳ ಮೆಡಿಕಲ್ ಮಾಡುವ ಡಾಕ್ಟರಿಗೆ ತೋರಿಸಲಿ. ಮೂಗು ಬಿಡುವವರೆಗೆ ಕೂತು ಥಿಯರಿ ಓದಲಿ, ಹೇಗೂ ಪರೀಕ್ಷೆಗಳಿವೆ. ಅವರಮ್ಮನಿಗೆ ಹೇಳಿ, ಮುಂದಿನ ಸಲ ಕೊರಿಯರಿನಲ್ಲಿ ಒಣಶುಂಠಿ ಕಳುಹಿಸಲಿ.