ಸ್ಯೂಡೋಕೋಡ್ ಬರೆಸಿದರೂ ಮಕ್ಕಳಿಗೆ ಪ್ರೋಗ್ರಾಂ ಬರುತ್ತಿಲ್ಲ, ಎಲ್ಲಿ ಎಡವುತ್ತಿದ್ದೇನೆ?

ಕುಂಬಳೆ ಟೀಚರ್:
ಎಲ್ಲರಿಗೂ ನಮಸ್ಕಾರ. ಕುಂಬಳೆ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಾಠ ಮಾಡುತ್ತೇನೆ. ಪಾಠದಲ್ಲಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಇದೆ. ಪುಸ್ತಕದ ಪ್ರೋಗ್ರಾಂ ನೋಡಿ ಟೈಪ್ ಮಾಡುತ್ತಾರೆ, ಓಡುತ್ತದೆ. ಹೊಸ ಲೆಕ್ಕ ಕೊಟ್ಟರೆ ಸುಮ್ನೆ ಕೂತುಬಿಡುತ್ತಾರೆ. ಅದಕ್ಕೇ ಮೊದಲು ಸ್ಯೂಡೋಕೋಡ್ (ಮಾಡಬೇಕಾದ ಹೆಜ್ಜೆಗಳನ್ನು ಸಾಮಾನ್ಯ ಮಾತಿನಲ್ಲಿ) ಬರೆಯಿರಿ ಎಂದೆ. ಈಗ "ಟೀಚರ್, ಇಫ್ ದೊಡ್ಡಕ್ಷರದಲ್ಲಾ? ಕೊನೆಗೆ ಎಂಡ್‌ಇಫ್ ಬೇಕಾ?" ಎಂಬ ಪ್ರಶ್ನೆಗಳೇ ಜಾಸ್ತಿ. (ಇಫ್ ಅಂದರೆ "ಹೀಗಿದ್ದರೆ", ಎಂಡ್‌ಇಫ್ ಅಂದರೆ ಅದು ಅಲ್ಲಿಗೆ ಮುಗಿಯಿತು ಎಂಬ ಗುರುತು.)

ನಿನ್ನೆ ಕೊಟ್ಟ ಲೆಕ್ಕ: ಐದು ಸಲ ಅಂಗಡಿಗೆ ಕೊಟ್ಟ ಅಡಿಕೆಯ ತೂಕ 62, 48, 105, 57, 71 ಕಿಲೋ. ಎಲ್ಲಕ್ಕಿಂತ ಕಡಿಮೆ ಯಾವುದು? ಒಬ್ಬಳು ಬರೆದದ್ದು:

ಕಡಿಮೆ = 0
ಪ್ರತಿ ತೂಕಕ್ಕೆ:
    ತೂಕ ಕಡಿಮೆಗಿಂತ ಚಿಕ್ಕದಾದರೆ
        ಕಡಿಮೆ = ತೂಕ
ಕಡಿಮೆ ಎಷ್ಟೆಂದು ಹೇಳು

ನೋಡಿದರೆ ಸರಿ ಅನ್ನಿಸಿತು. ಪೈಥಾನ್‌ನಲ್ಲಿ ಬರೆದರೆ ಉತ್ತರ 0.

ಪೆರ್ಲದವ:
ಟೀಚರ್, ಮೊದಲ ಸಾಲಿನಲ್ಲೇ ತಪ್ಪಿದೆ. 62 ಸೊನ್ನೆಗಿಂತ ಚಿಕ್ಕದಾ? ಅಲ್ಲ. 48? ಅದೂ ಅಲ್ಲ. ಯಾವ ತೂಕವೂ ಸೊನ್ನೆಗಿಂತ ಕೆಳಗಿಲ್ಲ, ಹಾಗಾಗಿ ಸೊನ್ನೆ ಹಾಗೇ ಉಳಿಯಿತು. "ಕಡಿಮೆ = ಮೊದಲ ತೂಕ" ಎಂದು ಶುರು ಮಾಡಿಸಿ.

ಆದರೆ ಈ ತಪ್ಪನ್ನು ನೀವು ಹೇಳಿಕೊಡಬೇಡಿ, ಮಕ್ಕಳೇ ಹಿಡಿಯಲಿ. ಪುಸ್ತಕ ಅದಲು ಬದಲು ಮಾಡಿಸಿ. ಒಬ್ಬರು ಬರೆದದ್ದನ್ನು ಪಕ್ಕದವರು ಕಂಪ್ಯೂಟರ್ ಆಗಿ ಮಾಡಬೇಕು. ಕಾಗದದಲ್ಲಿ ಎರಡು ಕಾಲಂ: "ತೂಕ", "ಕಡಿಮೆ". ಒಂದೊಂದು ಸಾಲಿಗೂ ಬೆಲೆ ಬದಲಾಯಿತಾ ಎಂದು ಬರೆಯಲಿ. ಸ್ವಂತ ಬುದ್ಧಿ ಸೇರಿಸುವ ಹಾಗಿಲ್ಲ, ಬರೆದದ್ದನ್ನಷ್ಟೇ ಮಾಡಬೇಕು. ಎರಡನೇ ಕಾಲಂನಲ್ಲಿ ಐದು ಸಲವೂ 0 ಕಂಡಾಗ ಎಲ್ಲಿ ತಪ್ಪಿದೆ ಎಂದು ಅವರಿಗೇ ಗೊತ್ತಾಗುತ್ತದೆ. ಸ್ಯೂಡೋಕೋಡ್‌ಗೆ ನಿಜವಾದ ಪರೀಕ್ಷೆ ಇದೇ. ಇಫ್ ದೊಡ್ಡಕ್ಷರದಲ್ಲಿದೆಯಾ ಎಂದು ನೋಡಿ ಮಾರ್ಕು ಕೊಡಬೇಡಿ.

ಹೊಸೂರಿನವ:
ಪೆರ್ಲದ ಅಣ್ಣ ಹೇಳಿದ್ದು ಸರಿ. ಟೀಚರ್, ಮಕ್ಕಳು ಬರೆಯುವುದು ಯಾವ ಭಾಷೆಯಲ್ಲಿ? ನಿಮ್ಮ ಕಡೆ ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ ಎಲ್ಲ ಇರುತ್ತದಲ್ವಾ? ಮನಸ್ಸಿನಲ್ಲಿ ಓಡುವ ಮಾತಿನಲ್ಲೇ ಬರೆಯಲಿ, ಪಕ್ಕದವರಿಗೆ ಅರ್ಥವಾದರೆ ಸಾಕು. ನಾನು ಹೊಸಬರಿಗೆ ಹೇಳಿಕೊಡುವಾಗ ಮೂರೇ ಮಾತು ಕೊಡುತ್ತೇನೆ: ಒಂದಾದ ಮೇಲೊಂದು ಮಾಡು, ಹೀಗಿದ್ದರೆ ಹೀಗೆ ಮಾಡು, ಇಷ್ಟು ಸಲ ಅಥವಾ ಹೀಗಿರುವವರೆಗೆ ಮತ್ತೆ ಮತ್ತೆ ಮಾಡು. ಯಾವ ಲೆಕ್ಕಕ್ಕೂ ಈ ಮೂರು ಸಾಕು ಎಂದು ಬೋಮ್ ಮತ್ತು ಯಾಕೊಪಿನಿ ಎಂಬ ಇಟಲಿಯ ಇಬ್ಬರು 1966ರಲ್ಲೇ ತೋರಿಸಿದ್ದಾರೆ. ಒಳಗಿನ ಕೆಲಸವನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆಯುವ ಅಭ್ಯಾಸ ಮಾತ್ರ ಈಗಲೇ ಇರಲಿ. ಪೈಥಾನ್‌ನಲ್ಲಿ ಅದು ಬೇಕೇ ಬೇಕು.

ಕುಂಬಳೆ ಟೀಚರ್:
ಇವತ್ತು ಪುಸ್ತಕ ಬದಲಿಸಿ ಮಾಡಿಸಿದೆ. ಮೂರನೇ ತೂಕಕ್ಕೆ ಬರುವಾಗಲೇ ಹಿಂದಿನ ಬೆಂಚಿನ ಹುಡುಗ "ಇದು ಸೊನ್ನೆಯಲ್ಲೇ ನಿಲ್ತದೆ ಟೀಚರ್" ಎಂದ. ತುಂಬಾ ಖುಷಿಯಾಯಿತು.

ಮೊದಲ ಸಾಲು ತಿದ್ದಿದ ಮೇಲೆ ಕಾಗದದಲ್ಲಿ ಈಗ 48 ಬರುತ್ತದೆ. ಪೈಥಾನ್‌ನಲ್ಲಿ 105 ಬಂತು! ಸ್ಯೂಡೋಕೋಡ್ ಇನ್ನೂ ತಪ್ಪಾ?

ಪೆರ್ಲದವ:
ಅದು ಸರಿಯಿದೆ. ಈ ಸಲ ತೂಕವನ್ನು ಇನ್‌ಪುಟ್‌ನಿಂದ, ಅಂದರೆ ಪ್ರೋಗ್ರಾಂ ಓಡುವಾಗ ಟೈಪ್ ಮಾಡಿಸಿ, ತೆಗೆದುಕೊಂಡಿರಬೇಕು. ಪೈಥಾನ್ ಅದನ್ನು ಸಂಖ್ಯೆ ಎಂದು ನೋಡುವುದಿಲ್ಲ, ಅಕ್ಷರ ಎಂದು ನೋಡುತ್ತದೆ. ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಮೊದಲ ಅಕ್ಷರ ಹೋಲಿಸುತ್ತದೆ. 105ರ ಮೊದಲ ಅಕ್ಷರ 1, 48ರದ್ದು 4. ಹಾಗಾಗಿ 105 ಚಿಕ್ಕದಾಯಿತು. ಇನ್‌ಪುಟ್ ಅನ್ನು ಇಂಟ್ (ಅಕ್ಷರವನ್ನು ಸಂಖ್ಯೆ ಮಾಡುವ ಪೈಥಾನ್ ಆಜ್ಞೆ) ಒಳಗೆ ಹಾಕಿ ನೋಡಿ.

ಕಾಗದದ ಉತ್ತರ ಸರಿ ಇದ್ದದ್ದರಿಂದಲೇ ತಪ್ಪು ಪೈಥಾನ್ ಬರೆದ ಕಡೆ ಎಂದು ಇಷ್ಟು ಬೇಗ ಗೊತ್ತಾಯಿತು. ಮಕ್ಕಳಿಗೆ ಇದನ್ನೂ ತೋರಿಸಿ.

ಕುಂಬಳೆ ಟೀಚರ್:
ಇಂಟ್ ಹಾಕಿದೆ, 48 ಬಂತು. ಇಬ್ಬರಿಗೂ ಧನ್ಯವಾದ. ನಾಳೆ ಎಲ್ಲಕ್ಕಿಂತ ಜಾಸ್ತಿ ತೂಕ ಯಾವುದು ಎಂದು ಕೇಳುತ್ತೇನೆ, ಕಾಗದದಲ್ಲೇ.